ಮರೆಯಾದ ಪ್ರಶ್ನೆಯ ಉತ್ತರ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಗ್ರಾಹಕರು ತಮಗೆ ಬೇಕಾದ ಅರ್ಜಿ ಫಾರ್ಮ್‌ಗಳನ್ನು ತಾವೇ ರೂಪಿಸಿಕೊಳ್ಳಬಹುದಾದ ತಂತ್ರಾಂಶವೊಂದನ್ನು ನಮ್ಮ ಸಣ್ಣ ತಂಡ ಕಟ್ಟುತ್ತಿದೆ. ಒಂದು ಪ್ರಶ್ನೆಯ ಉತ್ತರವನ್ನು ನೋಡಿಕೊಂಡು ಇನ್ನೊಂದು ಪ್ರಶ್ನೆಯನ್ನು ತೋರಿಸುವ ಅಥವಾ ಮರೆಮಾಡುವ ಸೌಲಭ್ಯವನ್ನು ‘ಹೀಗಿದ್ದರೆ ಹೀಗೆ ಮಾಡು’ ಎಂಬ ನಿಯಮಗಳ ಪಟ್ಟಿಯಾಗಿ ಕೊಟ್ಟಿದ್ದೇವೆ. ಮೊದಮೊದಲು ಎಲ್ಲವೂ ಸರಿಯಿತ್ತು. ಈಗ ಕೆಲವು ಫಾರ್ಮ್‌ಗಳಲ್ಲಿ ಅರವತ್ತಕ್ಕೂ ಹೆಚ್ಚು ನಿಯಮಗಳಿವೆ. ತೆರೆಯ ಮೇಲೆ ಕಾಣದ ಪ್ರಶ್ನೆಗಳ ಉತ್ತರಗಳು ವರದಿಯಲ್ಲಿ ಬರುತ್ತವೆ, ಕೆಲವೊಮ್ಮೆ ಸಬ್‌ಮಿಟ್ ಒತ್ತಿದರೆ ಏನೂ ಆಗುವುದೇ ಇಲ್ಲ, ಒಂದು ನಿಯಮವನ್ನು ತಿದ್ದಿದರೆ ಬೇರೆಲ್ಲೋ ಕೆಡುತ್ತದೆ. ಹೊಸದಾಗಿ ಬರೆಯುವುದಾದರೆ ಇದನ್ನು ಹೇಗೆ ವಿನ್ಯಾಸಗೊಳಿಸಬೇಕು?

ಉತ್ತರ: ನೀವು ಹೇಳಿರುವ ಮೂರು ತೊಂದರೆಗಳು ಮೂರು ಬೇರೆ ದೋಷಗಳಂತೆ ಕಂಡರೂ ಅವುಗಳ ಬೇರು ಒಂದೇ. ಷರತ್ತು ಎಂಬುದನ್ನು ನೀವು ತೆರೆಗೆ ಸಂಬಂಧಿಸಿದ ವಿಷಯವೆಂದು ಭಾವಿಸಿ ಕಟ್ಟಿದ್ದೀರಿ. ಆದರೆ ಅದು ಮಾಹಿತಿಗೆ ಸಂಬಂಧಿಸಿದ ವಿಷಯ. ‘ಈ ಪ್ರಶ್ನೆಯನ್ನು ಈಗ ತೋರಿಸಬೇಕೇ’ ಎಂದು ಕೇಳುವ ಬದಲು ‘ಈ ಅರ್ಜಿದಾರರಿಗೆ ಈ ಪ್ರಶ್ನೆ ಅನ್ವಯಿಸುತ್ತದೆಯೇ’ ಎಂದು ಕೇಳಿಕೊಂಡರೆ, ತೋರಿಸುವುದು, ಕಡ್ಡಾಯಗೊಳಿಸುವುದು, ಉಳಿಸುವುದು, ವರದಿಗೆ ಕಳುಹಿಸುವುದು ಎಲ್ಲವೂ ಆ ಒಂದು ತೀರ್ಮಾನವನ್ನೇ ಅನುಸರಿಸುತ್ತವೆ. ಇದು ನನ್ನ ಹೊಸ ಶೋಧವೇನಲ್ಲ. ವೆಬ್ಬಿನ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಫಾರ್ಮ್‌ಗಳಿಗಾಗಿ 2003ರಲ್ಲಿ ಅಂಗೀಕರಿಸಿದ ಎಕ್ಸ್‌ಫಾರ್ಮ್ಸ್ ಮಾನಕದಲ್ಲಿ ಇದಕ್ಕೆ ‘ರೆಲೆವೆಂಟ್’, ಅಂದರೆ ಅನ್ವಯಿಸುವಂಥದ್ದು, ಎಂಬ ಹೆಸರನ್ನೇ ಇಟ್ಟಿದ್ದಾರೆ. ರೆಲೆವೆಂಟ್ ಅಲ್ಲದ ಅಂಶ ತೆರೆಯ ಮೇಲೂ ಬರುವುದಿಲ್ಲ, ಸಬ್‌ಮಿಟ್ ಆಗುವ ಮಾಹಿತಿಯಲ್ಲೂ ಇರುವುದಿಲ್ಲ. ಆ ಮಾನಕ ಬ್ರೌಸರ್‌ಗಳಲ್ಲಿ ನೆಲೆಯೂರಲಿಲ್ಲ, ಆದರೆ ಅದರ ಆಲೋಚನೆ ಉಳಿಯಿತು. ಕ್ಷೇತ್ರ ಸಮೀಕ್ಷೆಗಳಿಗೆ ಬಳಕೆಯಾಗುವ ಎಕ್ಸ್‌ಎಲ್‌ಎಸ್‌ಫಾರ್ಮ್ ಹಾಳೆಗಳಲ್ಲಿ ಇಂದಿಗೂ ‘ರೆಲೆವೆಂಟ್’ ಎಂಬ ಕಾಲಂ ಇದೆ.

ಮೊದಲು ಸಬ್‌ಮಿಟ್ ಬಟನ್ನಿನ ಸಮಸ್ಯೆಯನ್ನು ಮುಗಿಸಿಬಿಡೋಣ. ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್‌ನಿಂದ ಮರೆಮಾಡಿದ ಇನ್‌ಪುಟ್ (ಉತ್ತರ ತುಂಬುವ ಪೆಟ್ಟಿಗೆ) ಕಣ್ಣಿಗೆ ಕಾಣುವುದಿಲ್ಲವಷ್ಟೆ. ಬ್ರೌಸರ್ ಅದರ ಮೌಲ್ಯವನ್ನು ಎಂದಿನಂತೆ ಸರ್ವರ್‌ಗೆ ಕಳುಹಿಸುತ್ತದೆ ಮತ್ತು ಅದು ಕಡ್ಡಾಯವೆಂದು ಗುರುತಾಗಿದ್ದರೆ ಖಾಲಿ ಬಿಟ್ಟಿದ್ದಕ್ಕೆ ಫಾರ್ಮನ್ನು ತಡೆಯುತ್ತದೆ. ತಡೆದ ಮೇಲೆ ದೋಷವಿರುವ ಜಾಗಕ್ಕೆ ಫೋಕಸ್, ಅಂದರೆ ಬರೆಯಲು ಸಿದ್ಧವಾಗಿರುವ ಸ್ಥಾನವನ್ನು, ಒಯ್ಯಲು ನೋಡುತ್ತದೆ, ಆದರೆ ಕಾಣದ ಜಾಗಕ್ಕೆ ಫೋಕಸ್ ಹೋಗಲಾರದು. ಹೀಗಾಗಿ ತಂತ್ರಜ್ಞರಷ್ಟೇ ತೆರೆದು ನೋಡುವ ಡೆವಲಪರ್ ಕನ್ಸೋಲಿನಲ್ಲಿ ದೋಷದ ಒಂದು ಸಾಲು ಬಿದ್ದು, ಬಳಕೆದಾರರ ಮಟ್ಟಿಗೆ ಬಟನ್ ಸತ್ತಂತಾಗುತ್ತದೆ. ಇನ್‌ಪುಟ್ಟನ್ನು ಡಿಸೇಬಲ್ (ನಿಷ್ಕ್ರಿಯ) ಮಾಡಿದರೆ ಬ್ರೌಸರ್ ಅದನ್ನು ಪರಿಶೀಲಿಸುವುದೂ ಇಲ್ಲ, ಕಳುಹಿಸುವುದೂ ಇಲ್ಲ. ರೀಡ್‌ಓನ್ಲಿ (ಓದಲು ಮಾತ್ರ) ಮಾಡಿದರೆ ಪರಿಶೀಲಿಸುವುದಿಲ್ಲ, ಆದರೆ ಕಳುಹಿಸುತ್ತದೆ. ಆದ್ದರಿಂದ ತುರ್ತು ಪರಿಹಾರವಾಗಿ, ಮರೆಮಾಡಿದ ಪ್ರತಿಯೊಂದು ಇನ್‌ಪುಟ್ಟನ್ನೂ ಡಿಸೇಬಲ್ ಮಾಡಿ. ಇದು ಬ್ರೌಸರ್ ಮಟ್ಟದ ತೇಪೆ ಎಂಬುದು ಮಾತ್ರ ನೆನಪಿರಲಿ, ಏಕೆಂದರೆ ನಿಮ್ಮ ನಿಜವಾದ ತೀರ್ಮಾನ ನಡೆಯಬೇಕಾದದ್ದು ಬ್ರೌಸರ್‌ನಲ್ಲಲ್ಲ.

ಈಗ ನಿಯಮಗಳ ಪಟ್ಟಿಗೆ ಬರೋಣ. ‘ವಾಹನ ಇದೆ ಎಂದರೆ ವಾಹನದ ಬಗೆಯನ್ನು ತೋರಿಸು’ ಎಂದು ಬರೆಯುವುದು ಸಹಜವೆನಿಸುತ್ತದೆ, ನಾವು ಮಾತಾಡುವುದೂ ಹಾಗೆಯೇ. ಆದರೆ ಒಂದೇ ಪ್ರಶ್ನೆಯನ್ನು ಒಂದು ನಿಯಮ ತೋರಿಸು ಎಂದು, ಇನ್ನೊಂದು ನಿಯಮ ಮರೆಮಾಡು ಎಂದು ಹೇಳಿದಾಗ ಯಾವುದು ಗೆಲ್ಲಬೇಕು? ಪಟ್ಟಿಯಲ್ಲಿ ಕೊನೆಗೆ ಬಂದದ್ದು ಗೆಲ್ಲುತ್ತದೆ ಎಂದಾದರೆ ನಿಯಮಗಳ ಅನುಕ್ರಮವೇ ಗುಟ್ಟಾಗಿ ಇನ್ನೊಂದು ನಿಯಮವಾಗುತ್ತದೆ. ಯಾವ ನಿಯಮವೂ ಅನ್ವಯಿಸದಿದ್ದಾಗ ಪ್ರಶ್ನೆ ಕಾಣಬೇಕೋ ಬೇಡವೋ ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಒಂದನ್ನು ತಿದ್ದಿದರೆ ಬೇರೆಲ್ಲೋ ಕೆಡುತ್ತದೆ ಎಂದಿರಲ್ಲ, ಅದಕ್ಕೆ ಕಾರಣ ಇದೇ. ಆದ್ದರಿಂದ ಷರತ್ತನ್ನು ಕಾರಣವಾದ ಪ್ರಶ್ನೆಯ ಬಳಿ ಇಡಬೇಡಿ, ಪರಿಣಾಮಕ್ಕೆ ಒಳಗಾಗುವ ಪ್ರಶ್ನೆಯ ಒಡೆತನಕ್ಕೆ ಕೊಡಿ. ಪ್ರತಿಯೊಂದು ಪ್ರಶ್ನೆಗೂ ‘ಯಾವಾಗ ಅನ್ವಯಿಸುತ್ತದೆ’, ‘ಯಾವಾಗ ಕಡ್ಡಾಯ’, ‘ಯಾವಾಗ ಬದಲಿಸಲಾಗದು’, ‘ಲೆಕ್ಕದಿಂದ ಬರುವ ಮೌಲ್ಯವಾದರೆ ಅದರ ಸೂತ್ರವೇನು’ ಎಂಬ ಕೆಲವೇ ಗುಣಗಳಿರಲಿ, ಮತ್ತು ಒಂದೊಂದು ಗುಣಕ್ಕೂ ಒಂದೇ ಒಂದು ಷರತ್ತಿರಲಿ. ಎರಡು ನಿಯಮಗಳು ಕಚ್ಚಾಡುವ ಪ್ರಶ್ನೆಯೇ ಆಗ ಹುಟ್ಟುವುದಿಲ್ಲ. ಎಕ್ಸ್‌ಫಾರ್ಮ್ಸ್ ಹೀಗೆಯೇ ಮಾಡಿತು. ಆರೋಗ್ಯ ಮಾಹಿತಿಯ ವಿನಿಮಯಕ್ಕಾಗಿ ಎಚ್‌ಎಲ್7 ಸಂಸ್ಥೆ ರೂಪಿಸಿದ ಫೈರ್ ಮಾನಕದ ಪ್ರಶ್ನಾವಳಿಯಲ್ಲೂ ‘ಎನೇಬಲ್‌ವೆನ್’ ಎಂಬ ಷರತ್ತು ಪರಿಣಾಮಕ್ಕೊಳಗಾಗುವ ಪ್ರಶ್ನೆಯ ಮೇಲೆಯೇ ಕುಳಿತಿರುತ್ತದೆ. ಗ್ರಾಹಕರಿಗೆ ‘ಈ ಉತ್ತರದಿಂದ ಏನೇನು ತೆರೆದುಕೊಳ್ಳುತ್ತದೆ’ ಎಂಬ ನೋಟ ಬೇಕಿದ್ದರೆ ಸಂಪಾದನಾ ಪುಟದಲ್ಲಿ ಅದನ್ನೂ ಕೊಡಬಹುದು, ಆದರೆ ಉಳಿಸುವ ರೂಪ ಮಾತ್ರ ಒಂದೇ ಇರಲಿ.

ಇನ್ನು ವರದಿಯಲ್ಲಿ ಕಾಣಿಸಿಕೊಳ್ಳುವ ಮರೆಯಾದ ಉತ್ತರಗಳು. ಇಡೀ ವಿನ್ಯಾಸ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಒಂದು ಉದಾಹರಣೆಯನ್ನು ಹಿಡಿದು ನೋಡೋಣ. ಮೊದಲ ಪ್ರಶ್ನೆ, ‘ನಿಮ್ಮ ಬಳಿ ವಾಹನವಿದೆಯೇ?’ ಹೌದೆಂದರೆ ಎರಡನೆಯದು, ‘ಯಾವ ಬಗೆಯ ವಾಹನ?’ ವಿದ್ಯುತ್ ವಾಹನವೆಂದರೆ ಮೂರನೆಯದು, ‘ಮನೆಯಲ್ಲಿ ಚಾರ್ಜಿಂಗ್ ವ್ಯವಸ್ಥೆ ಇದೆಯೇ?’ ಬಳಕೆದಾರರು ಮೂರಕ್ಕೂ ಉತ್ತರಿಸಿ, ಆಮೇಲೆ ಮೇಲಕ್ಕೆ ಹೋಗಿ ವಾಹನವಿಲ್ಲ ಎಂದು ಬದಲಿಸಿದರೆಂದು ಭಾವಿಸಿ. ಎರಡನೆಯ ಪ್ರಶ್ನೆ ಮರೆಯಾಗುತ್ತದೆ, ಆದರೆ ಅದರೊಳಗೆ ‘ವಿದ್ಯುತ್’ ಎಂಬ ಉತ್ತರ ಹಾಗೆಯೇ ಉಳಿದಿದೆ. ಮೂರನೆಯ ಪ್ರಶ್ನೆಯ ಷರತ್ತು ಎರಡನೆಯದರ ಉತ್ತರವನ್ನು ಮಾತ್ರ ನೋಡುವುದರಿಂದ ಅದು ತೆರೆಯ ಮೇಲೆ ನಿಂತೇ ಇರುತ್ತದೆ. ವಾಹನವೇ ಇಲ್ಲದವರನ್ನು ಚಾರ್ಜಿಂಗ್ ಬಗ್ಗೆ ಕೇಳುವ ಫಾರ್ಮ್ ಇದು. ಇದನ್ನು ಸರಿಪಡಿಸಲು ಹಲವರು ಮೂರನೆಯ ಪ್ರಶ್ನೆಗೆ ‘ವಾಹನವಿದ್ದು, ಬಗೆ ವಿದ್ಯುತ್ ಆಗಿದ್ದರೆ’ ಎಂದು ಷರತ್ತನ್ನು ಉದ್ದ ಮಾಡುತ್ತಾರೆ. ಸರಪಳಿ ಐದಾರು ಕೊಂಡಿಗಳಷ್ಟು ಬೆಳೆದಾಗ ಆ ಷರತ್ತುಗಳನ್ನು ಯಾರೂ ಓದಲಾರರು. ನಿಮ್ಮ ಅರವತ್ತು ನಿಯಮಗಳಲ್ಲಿ ಅರ್ಧದಷ್ಟು ಈ ಬಗೆಯ ಪುನರುಕ್ತಿಗಳೇ ಆಗಿದ್ದರೆ ನನಗೆ ಆಶ್ಚರ್ಯವಾಗದು.

ಪರಿಹಾರ ಸರಳ, ಆದರೆ ಅದನ್ನು ಷರತ್ತುಗಳನ್ನು ಲೆಕ್ಕ ಹಾಕುವ ಎಂಜಿನ್ನಿನ ತಳದಲ್ಲೇ ಹಾಕಬೇಕು. ಪ್ರತಿ ಪ್ರಶ್ನೆಗೂ ಎರಡು ಮೌಲ್ಯಗಳಿವೆ ಎಂದು ಇಟ್ಟುಕೊಳ್ಳಿ: ಬಳಕೆದಾರರು ಬರೆದ ಮೂಲ ಮೌಲ್ಯ ಒಂದು, ಉಳಿದ ವ್ಯವಸ್ಥೆಗೆ ಕಾಣುವ ಚಾಲ್ತಿ ಮೌಲ್ಯ ಇನ್ನೊಂದು. ಪ್ರಶ್ನೆ ಅನ್ವಯಿಸುತ್ತಿದ್ದರೆ ಎರಡೂ ಒಂದೇ. ಅನ್ವಯಿಸದಿದ್ದರೆ ಚಾಲ್ತಿ ಮೌಲ್ಯ ಖಾಲಿ. ಷರತ್ತುಗಳು, ಲೆಕ್ಕಾಚಾರಗಳು, ಪರಿಶೀಲನೆ, ವರದಿ ಎಲ್ಲವೂ ಚಾಲ್ತಿ ಮೌಲ್ಯವನ್ನು ಮಾತ್ರ ಓದಬೇಕು. ಆಗ ಮೇಲಿನ ಉದಾಹರಣೆಯಲ್ಲಿ ಎರಡನೆಯ ಪ್ರಶ್ನೆ ಮರೆಯಾದ ಕ್ಷಣವೇ ಅದರ ಚಾಲ್ತಿ ಮೌಲ್ಯ ಖಾಲಿಯಾಗಿ, ಮೂರನೆಯದು ತಾನಾಗಿಯೇ ಹಿಂದೆ ಸರಿಯುತ್ತದೆ. ಗುಂಪಿಗೂ ಪುಟಕ್ಕೂ ಇದೇ ಸೂತ್ರ: ಗುಂಪು ಅನ್ವಯಿಸದಿದ್ದರೆ ಅದರೊಳಗಿನ ಯಾವ ಪ್ರಶ್ನೆಯೂ ಅನ್ವಯಿಸುವುದಿಲ್ಲ.

ಹಾಗಾದರೆ ಮೂಲ ಮೌಲ್ಯವನ್ನು ಏಕೆ ಉಳಿಸಬೇಕು, ಮರೆಯಾದ ಕೂಡಲೇ ಅಳಿಸಿಬಿಟ್ಟರಾಗದೇ ಎಂದು ನೀವು ಕೇಳಬಹುದು. ಅಳಿಸಿದರೆ ಎಂಜಿನ್ ಸರಳವಾಗುತ್ತದೆ, ನಿಜ. ಆದರೆ ಕೈತಪ್ಪಿ ರೇಡಿಯೋ ಬಟನ್ ಬದಲಿಸಿದವರು ಮರುಕ್ಷಣವೇ ಹಿಂದಿನ ಆಯ್ಕೆಗೆ ಮರಳಿದಾಗ, ಹನ್ನೆರಡು ಪ್ರಶ್ನೆಗಳಿಗೆ ತಾವು ಬರೆದದ್ದೆಲ್ಲ ಮಾಯವಾಗಿರುವುದನ್ನು ನೋಡುತ್ತಾರೆ. ನಾನು ಹಿಂದೊಮ್ಮೆ ಇದೇ ರೀತಿ ಅಳಿಸುವ ವ್ಯವಸ್ಥೆಯನ್ನು ಬರೆದು, ಉದ್ದದ ವಿವರಣೆಗಳನ್ನು ಎರಡೆರಡು ಸಲ ಬರೆಯಬೇಕಾಗಿ ಬಂದವರಿಂದ ಸಾಕಷ್ಟು ಮಾತು ಕೇಳಿದ್ದೇನೆ. ಫಾರ್ಮ್ ತುಂಬುವ ಅವಧಿಯಲ್ಲಿ ಮೂಲ ಮೌಲ್ಯವನ್ನು ಇಟ್ಟುಕೊಂಡು, ಸಬ್‌ಮಿಟ್ ಆಗುವಾಗ ಚಾಲ್ತಿ ಮೌಲ್ಯಗಳನ್ನು ಮಾತ್ರ ಉಳಿಸುವುದು ನನ್ನ ಸಲಹೆ. ಮರೆಯಾದ ಉತ್ತರಗಳನ್ನೂ ಡೇಟಾಬೇಸಿನಲ್ಲಿ ಶಾಶ್ವತವಾಗಿ ಇಡೋಣ, ಮುಂದೆ ಬೇಕಾದೀತು ಎಂಬ ಮೂರನೆಯ ದಾರಿಯೂ ಇದೆ. ಅದನ್ನು ಹಿಡಿಯಬೇಡಿ. ತನಗೆ ಅನ್ವಯಿಸುವುದಿಲ್ಲ ಎಂದು ಬಳಕೆದಾರರು ಹೇಳಿದ ಮಾಹಿತಿಯನ್ನು ಇಟ್ಟುಕೊಳ್ಳಲು ನಿಮಗೆ ಕಾರಣವಿಲ್ಲ, ಅದು ಆರೋಗ್ಯ ಅಥವಾ ಹಣಕಾಸಿನ ಮಾಹಿತಿಯಾದರಂತೂ ಅದರಿಂದ ಅಪಾಯವೇ ಹೆಚ್ಚು.

ಇದರ ಬೆನ್ನಿಗೇ ಬರುವ ಇನ್ನೊಂದು ಸೂಕ್ಷ್ಮವಿದೆ. ಉತ್ತರಿಸದಿರುವುದು ಮತ್ತು ‘ಇಲ್ಲ’ ಎನ್ನುವುದು ಒಂದೇ ಅಲ್ಲ. ‘ವಾಹನದ ಬಗೆ ವಿದ್ಯುತ್ ಅಲ್ಲದಿದ್ದರೆ ಹೊಗೆ ತಪಾಸಣೆಯ ವಿವರ ಕೇಳು’ ಎಂದು ಗ್ರಾಹಕರೊಬ್ಬರು ಬರೆದರೆಂದುಕೊಳ್ಳಿ. ಫಾರ್ಮ್ ತೆರೆದ ಕೂಡಲೇ, ಇನ್ನೂ ಏನನ್ನೂ ಆರಿಸದಿರುವಾಗ, ಖಾಲಿ ಎಂಬುದು ವಿದ್ಯುತ್ ಅಲ್ಲವಾದ್ದರಿಂದ ಆ ಪ್ರಶ್ನೆ ಎದ್ದು ನಿಲ್ಲುತ್ತದೆ. ಬರೆದವರ ಉದ್ದೇಶ ಖಂಡಿತವಾಗಿಯೂ ಅದಲ್ಲ. ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯಲ್ಲಿ ನಲ್, ಅಂದರೆ ಖಾಲಿ, ಮೌಲ್ಯದೊಂದಿಗೆ ಹೋಲಿಸಿದರೆ ನಿಜವೂ ಅಲ್ಲದ ಸುಳ್ಳೂ ಅಲ್ಲದ ಮೂರನೆಯ ಫಲಿತಾಂಶ ಬರುವುದು ಇದೇ ಕಾರಣಕ್ಕೆ. ಆ ಮೂರು ಮೌಲ್ಯಗಳ ತರ್ಕವನ್ನು ಫಾರ್ಮ್ ರೂಪಿಸುವ ಸಾಮಾನ್ಯ ಗ್ರಾಹಕರ ತಲೆಗೆ ಕಟ್ಟುವುದು ಸರಿಯಲ್ಲ. ಖಾಲಿ ಉತ್ತರದ ಮೇಲೆ ಮಾಡಿದ ಯಾವ ಹೋಲಿಕೆಯೂ, ‘ಅಲ್ಲ’ ಎಂಬ ಹೋಲಿಕೆಯೂ ಸೇರಿ, ಸುಳ್ಳೆಂದೇ ಆಗಲಿ. ‘ಉತ್ತರಿಸಲಾಗಿದೆ’ ಮತ್ತು ‘ಉತ್ತರಿಸಿಲ್ಲ’ ಎಂಬ ಎರಡು ಪ್ರತ್ಯೇಕ ಹೋಲಿಕೆಗಳನ್ನು ಕೊಡಿ. ಇದಕ್ಕೊಂದು ಬೆಲೆಯಿದೆ. ‘ಬಗೆ ವಿದ್ಯುತ್ ಅಲ್ಲ’ ಎಂಬುದೂ ‘ಬಗೆ ವಿದ್ಯುತ್ ಎಂಬುದು ನಿಜವಲ್ಲ’ ಎಂಬುದೂ ಈಗ ಬೇರೆಬೇರೆ ಅರ್ಥ ಕೊಡುತ್ತವೆ. ಆದ್ದರಿಂದ ಎರಡನೆಯ ರೂಪವನ್ನು, ಅಂದರೆ ಇಡೀ ಷರತ್ತನ್ನು ತಿರುವುಮುರುವು ಮಾಡುವ ಸೌಲಭ್ಯವನ್ನು, ಗ್ರಾಹಕರ ಕೈಗೆ ಕೊಡಲೇಬೇಡಿ. ಚೆಕ್‌ಬಾಕ್ಸಿಗೆ ಖಾಲಿ ಎಂಬ ಸ್ಥಿತಿಯೇ ಇಲ್ಲವೆಂಬುದನ್ನೂ ಗಮನಿಸಿ. ಮುಟ್ಟದೆ ಬಿಟ್ಟದ್ದೂ ಬೇಡವೆಂದು ಬಿಟ್ಟದ್ದೂ ಅಲ್ಲಿ ಒಂದೇ. ಬೇರೆ ಪ್ರಶ್ನೆಗಳು ಯಾವುದನ್ನು ಅವಲಂಬಿಸಿವೆಯೋ ಅಂಥ ಪ್ರಶ್ನೆಗೆ ಹೌದು ಮತ್ತು ಇಲ್ಲ ಎಂಬ ಎರಡು ರೇಡಿಯೋ ಬಟನ್‌ಗಳೇ ಲೇಸು.

ಹೋಲಿಕೆಗಳ ವಿಷಯದಲ್ಲಿ ಇನ್ನೆರಡು ಮಾತು ಸಾಕು. ಬ್ರೌಸರಿನ ಇನ್‌ಪುಟ್ ಎಲ್ಲವನ್ನೂ ಪಠ್ಯವಾಗಿಯೇ ಕೊಡುತ್ತದೆ, ಪಠ್ಯವಾಗಿ ಹೋಲಿಸಿದರೆ ಬ್ರೌಸರಿನ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ 10 ಎಂಬುದು 9ಕ್ಕಿಂತ ಚಿಕ್ಕದಾಗುತ್ತದೆ. ಆದ್ದರಿಂದ ಪ್ರಶ್ನೆಯ ಬಗೆಯನ್ನು ನೋಡಿ ಮೌಲ್ಯವನ್ನು ಮೊದಲು ಸಂಖ್ಯೆಗೋ ದಿನಾಂಕಕ್ಕೋ ಪರಿವರ್ತಿಸಿ, ಆಮೇಲೆ ಹೋಲಿಸಿ. ಪ್ರಶ್ನೆಗಳನ್ನೂ ಆಯ್ಕೆಗಳನ್ನೂ ಷರತ್ತಿನೊಳಗೆ ಅವುಗಳ ಹೆಸರಿನಿಂದ ಗುರುತಿಸಬೇಡಿ, ಎಂದೂ ಬದಲಾಗದ ಗುರುತಿನ ಸಂಖ್ಯೆಯಿಂದ ಗುರುತಿಸಿ. ‘ವಿದ್ಯುತ್’ ಎಂಬುದನ್ನು ಯಾರೋ ‘ವಿದ್ಯುತ್ ಚಾಲಿತ’ ಎಂದು ತಿದ್ದಿದ ದಿನ ನಿಮ್ಮ ಷರತ್ತು ಸದ್ದಿಲ್ಲದೆ ಕೆಲಸ ನಿಲ್ಲಿಸಬಾರದು.

ಷರತ್ತುಗಳನ್ನು ಯಾವ ಕ್ರಮದಲ್ಲಿ ಲೆಕ್ಕಹಾಕಬೇಕು? ಪ್ರಶ್ನೆಗಳನ್ನು ಬಿಂದುಗಳೆಂದೂ ಅವಲಂಬನೆಗಳನ್ನು ಬಾಣಗಳೆಂದೂ ಬರೆದುಕೊಂಡರೆ ಒಂದು ಗ್ರಾಫ್ ಸಿಗುತ್ತದೆ. ಸ್ಪ್ರೆಡ್‌ಶೀಟ್ ತನ್ನ ಕೋಶಗಳನ್ನು ಮರುಲೆಕ್ಕ ಹಾಕುವಾಗ ಎದುರಿಸುವುದೂ ಇದೇ ಪ್ರಶ್ನೆಯನ್ನು. ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ, ಅವಲಂಬನೆಗೆ ತಕ್ಕಂತೆ ಸಾಲಾಗಿ ಜೋಡಿಸುವ ಟೋಪೋಲಾಜಿಕಲ್ ಸಾರ್ಟ್ ವಿಧಾನ ಇಲ್ಲಿ ಧಾರಾಳವಾಗಿ ಸಾಕು: ಯಾವುದನ್ನೂ ಅವಲಂಬಿಸದ ಪ್ರಶ್ನೆಗಳನ್ನು ಮೊದಲು ತೆಗೆಯಿರಿ, ಅವುಗಳಿಂದ ಹೊರಡುವ ಬಾಣಗಳನ್ನು ಅಳಿಸಿ, ಉಳಿದುದರಲ್ಲಿ ಅದನ್ನೇ ಮತ್ತೆ ಮಾಡಿ. ಕೊನೆಗೆ ಏನಾದರೂ ಉಳಿದುಕೊಂಡರೆ ಅಲ್ಲಿ ಸುತ್ತು ಇದೆ, ಅಂದರೆ ಪ್ರಶ್ನೆಗಳು ಒಂದನ್ನೊಂದು ಅವಲಂಬಿಸಿವೆ ಎಂದರ್ಥ. ಸುತ್ತು ಎಷ್ಟು ಕೆಟ್ಟದ್ದು ಎಂದು ತಿಳಿಯಲು ಎರಡೇ ಪ್ರಶ್ನೆಗಳು ಸಾಕು. ಎರಡನೆಯದಕ್ಕೆ ಹೌದು ಎಂದಿದ್ದರೆ ಮಾತ್ರ ಮೊದಲನೆಯದು ಅನ್ವಯಿಸುತ್ತದೆ, ಮೊದಲನೆಯದಕ್ಕೆ ಉತ್ತರ ಇಲ್ಲದಿದ್ದರೆ ಮಾತ್ರ ಎರಡನೆಯದು ಅನ್ವಯಿಸುತ್ತದೆ ಎಂದಿಟ್ಟುಕೊಳ್ಳಿ. ಎರಡಕ್ಕೂ ಉತ್ತರ ಬಂದ ಕ್ಷಣ ಮೊದಲನೆಯದು ಎರಡನೆಯದನ್ನು ಹೊರಹಾಕುತ್ತದೆ, ಎರಡನೆಯದು ಹೋದದ್ದರಿಂದ ಮೊದಲನೆಯದೂ ಹೋಗುತ್ತದೆ, ಅದು ಹೋದದ್ದರಿಂದ ಎರಡನೆಯದು ಮರಳುತ್ತದೆ, ಹೀಗೆ ತೆರೆ ಮಿಣುಕುತ್ತಲೇ ಇರುತ್ತದೆ. ಇದನ್ನು ಫಾರ್ಮ್ ತುಂಬುವಾಗ ಹಿಡಿಯಲು ಹೋಗಬೇಡಿ, ಗ್ರಾಹಕರು ಷರತ್ತನ್ನು ಉಳಿಸುವಾಗಲೇ ತಡೆಯಿರಿ. ಇನ್ನೂ ಸುಲಭದ ದಾರಿಯೆಂದರೆ, ಯಾವ ಪ್ರಶ್ನೆಯೂ ತನಗಿಂತ ಮೇಲಿರುವ ಪ್ರಶ್ನೆಗಳನ್ನು ಮಾತ್ರ ಅವಲಂಬಿಸಬಹುದು ಎಂಬ ಮಿತಿ. ಸುತ್ತು ಎಂಬುದೇ ಆಗ ಅಸಾಧ್ಯ, ಲೆಕ್ಕದ ಕ್ರಮವೂ ಮೇಲಿನಿಂದ ಕೆಳಕ್ಕೆ. ಓದುವವರ ಕಣ್ಣಿಗೂ ಅದೇ ಹಿತ: ಕೆಳಗೆ ಉತ್ತರಿಸುತ್ತಿರುವಾಗ ಮೇಲೆ ಏನೋ ಬದಲಾಗುವ ಫಾರ್ಮ್ ಯಾರಿಗೂ ಇಷ್ಟವಾಗದು. ಈ ಮಿತಿಯಿಂದಲೇ ಆರಂಭಿಸಿ, ಬಲವಾದ ಕಾರಣ ಬಂದಾಗ ಸಡಿಲಿಸಬಹುದು. ಪ್ರಶ್ನೆಯನ್ನು ಎಳೆದು ಬೇರೆಡೆ ಇಟ್ಟಾಗಲೂ ಈ ಪರಿಶೀಲನೆ ನಡೆಯಬೇಕೆಂಬುದನ್ನು ಮಾತ್ರ ಮರೆಯಬೇಡಿ. ವೇಗದ ಬಗ್ಗೆ ಚಿಂತಿಸುವ ಅಗತ್ಯವಿಲ್ಲ. ಕೆಲವು ನೂರು ಷರತ್ತುಗಳನ್ನು ಪೂರ್ತಿಯಾಗಿ ಮರುಲೆಕ್ಕ ಹಾಕುವುದು ಇಂದಿನ ಫೋನಿಗೂ ಭಾರವಲ್ಲ.

ಹಲವು ಷರತ್ತುಗಳನ್ನು ಜೋಡಿಸುವಾಗ ‘ಎಲ್ಲವೂ’ ಅಥವಾ ‘ಯಾವುದಾದರೂ ಒಂದು’ ಎಂಬುದನ್ನು ಗ್ರಾಹಕರು ಕಡ್ಡಾಯವಾಗಿ ಆರಿಸಲಿ, ನೀವು ಊಹಿಸಬೇಡಿ. ಫೈರ್ ಮಾನಕದ ಮೂರನೆಯ ಆವೃತ್ತಿಯಲ್ಲಿ ಒಂದಕ್ಕಿಂತ ಹೆಚ್ಚು ಷರತ್ತುಗಳಿದ್ದರೆ ಯಾವುದಾದರೂ ಒಂದು ಸಾಕು ಎಂಬ ಅರ್ಥವಿತ್ತು. ನಾಲ್ಕನೆಯ ಆವೃತ್ತಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಲೇಬೇಕು ಎಂದು ಬದಲಿಸಿದರು. ಗುಂಪಿನೊಳಗೆ ಗುಂಪು ಒಂದು ಮಟ್ಟಕ್ಕೆ ನಿಲ್ಲಲಿ. ಅದಕ್ಕೂ ಮೀರಿದ ಷರತ್ತು ಬೇಕೆಂದರೆ, ಫಲಿತಾಂಶ ಮಾತ್ರ ಇರುವ ಒಂದು ಲೆಕ್ಕದ ಪ್ರಶ್ನೆಯನ್ನು ನಡುವೆ ಸೃಷ್ಟಿಸಿ ಅದಕ್ಕೊಂದು ಹೆಸರಿಡುವುದು ಉತ್ತಮ. ‘ಹೆಚ್ಚುವರಿ ದಾಖಲೆ ಬೇಕಾದವರು’ ಎಂಬ ಹೆಸರು ನಾಲ್ಕು ಸಾಲಿನ ಆವರಣಗಳಿಗಿಂತ ಹೆಚ್ಚು ಹೇಳುತ್ತದೆ.

ಷರತ್ತನ್ನು ಕೋಡಿನ ಸಾಲಾಗಿ ಉಳಿಸಿ ಅದನ್ನು ಇವಾಲ್, ಅಂದರೆ ಪಠ್ಯವನ್ನು ಕೋಡಾಗಿ ನಡೆಸುವ ಆಜ್ಞೆಯ, ಮೂಲಕ ಓಡಿಸುವ ಆಸೆಗೆ ಬೀಳಬೇಡಿ. ಗ್ರಾಹಕರು ಬರೆದ ಕೋಡನ್ನು ನಿಮ್ಮ ಬಳಕೆದಾರರ ಬ್ರೌಸರಿನಲ್ಲಿ ನಡೆಸಿದಂತಾಗುತ್ತದೆ. ಹೋಲಿಕೆ, ಪ್ರಶ್ನೆಯ ಗುರುತು, ಮೌಲ್ಯ ಎಂಬ ಭಾಗಗಳುಳ್ಳ ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಒಂದು ಮಾದರಿ) ಮರವಾಗಿ ಉಳಿಸಿದರೆ ಅದನ್ನು ಪರಿಶೀಲಿಸಬಹುದು, ಬೇರೆ ಭಾಷೆಯ ಸರ್ವರ್‌ನಲ್ಲೂ ನಡೆಸಬಹುದು, ಓದಬಲ್ಲ ವಾಕ್ಯವಾಗಿ ತೋರಿಸಲೂಬಹುದು. ಜೇಸನ್ ಮಾಹಿತಿಯ ರಚನೆಯನ್ನು ಪರಿಶೀಲಿಸುವ ಜೇಸನ್ ಸ್ಕೀಮಾದ ಏಳನೆಯ ಕರಡಿನಿಂದ ಷರತ್ತಿನ ಪರಿಶೀಲನೆಗೂ ಅವಕಾಶವಿದೆ, ಆದರೆ ಮಾಹಿತಿ ಸರಿಯೋ ತಪ್ಪೋ ಎಂದು ಹೇಳುವುದಷ್ಟೇ ಅದರ ಕೆಲಸ. ಯಾವ ಪ್ರಶ್ನೆ ಅನ್ವಯಿಸುತ್ತದೆ ಎಂಬ ನಿಮ್ಮ ಮುಖ್ಯ ಪ್ರಶ್ನೆಗೆ ಅದೊಂದರಿಂದಲೇ ಉತ್ತರ ಸಿಗದು.

ಅಂತಿಮ ತೀರ್ಮಾನ ಸರ್ವರಿನದೇ ಆಗಿರಬೇಕು. ಬ್ರೌಸರಿನಿಂದ ಬಂದದ್ದನ್ನು ಯಾರು ಬೇಕಾದರೂ ತಿದ್ದಿ ಕಳುಹಿಸಬಹುದಾದ್ದರಿಂದ, ಸರ್ವರ್ ಅದೇ ಷರತ್ತುಗಳನ್ನು ಮತ್ತೊಮ್ಮೆ ಲೆಕ್ಕ ಹಾಕಿ, ಅನ್ವಯಿಸದ ಉತ್ತರಗಳನ್ನು ಕೈಬಿಟ್ಟು, ಅನ್ವಯಿಸುವ ಕಡ್ಡಾಯ ಪ್ರಶ್ನೆಗಳು ತುಂಬಿವೆಯೇ ಎಂದು ನೋಡಬೇಕು. ಇಲ್ಲಿ ದಿನಾಂಕ ಕಾಡುತ್ತದೆ. ‘ಇಂದಿಗೆ 18 ವರ್ಷ ತುಂಬಿದ್ದರೆ’ ಎಂಬ ಷರತ್ತಿನಲ್ಲಿ ‘ಇಂದು’ ಎಂದರೆ ಡ್ರಾಫ್ಟ್ ಆರಂಭಿಸಿದ ದಿನವೋ ಸಬ್‌ಮಿಟ್ ಮಾಡಿದ ದಿನವೋ, ಯಾರ ಗಡಿಯಾರದ ಪ್ರಕಾರ ಎಂಬುದನ್ನು ಮೊದಲೇ ನಿರ್ಧರಿಸಿ, ಆ ದಿನಾಂಕವನ್ನು ಎಂಜಿನ್ನಿಗೆ ಹೊರಗಿನಿಂದ ಕೊಡಿ. ಹಾಗೆಯೇ ಅರ್ಧ ತುಂಬಿದ ಡ್ರಾಫ್ಟ್ ಇರುವಾಗ ಗ್ರಾಹಕರು ಷರತ್ತು ಬದಲಿಸಿದರೆ ಏನಾಗಬೇಕು? ಪ್ರಕಟಿಸಿದ ಫಾರ್ಮಿಗೆ ಆವೃತ್ತಿ ಸಂಖ್ಯೆ ಇರಲಿ, ಡ್ರಾಫ್ಟ್ ತಾನು ಆರಂಭವಾದ ಆವೃತ್ತಿಯಲ್ಲೇ ಮುಗಿಯಲಿ, ಉಳಿಸಿದ ಪ್ರತಿಯೊಂದು ಅರ್ಜಿಯ ಜೊತೆಗೂ ಆ ಸಂಖ್ಯೆ ಇರಲಿ. ವರ್ಷದ ನಂತರ ‘ಇವರಿಗೆ ಈ ಪ್ರಶ್ನೆಯನ್ನೇ ಏಕೆ ಕೇಳಲಿಲ್ಲ’ ಎಂದು ಯಾರಾದರೂ ಕೇಳಿದಾಗ ಉತ್ತರ ಅಲ್ಲಿರುತ್ತದೆ.

ಪುನರಾವರ್ತಿಸುವ ಸಾಲುಗಳು, ಉದಾಹರಣೆಗೆ ಕುಟುಂಬದ ಸದಸ್ಯರ ಪಟ್ಟಿ, ಇದ್ದರೆ ಷರತ್ತು ಅದೇ ಸಾಲನ್ನು ನೋಡುತ್ತದೆಯೋ, ಯಾವುದಾದರೂ ಒಂದು ಸಾಲನ್ನೋ, ಎಲ್ಲ ಸಾಲುಗಳನ್ನೋ ಎಂಬುದನ್ನು ಬರೆದಿಡಬೇಕು. ತರ್ಕದ ಪ್ರಕಾರ ಒಂದೂ ಸಾಲಿಲ್ಲದ ಪಟ್ಟಿಯಲ್ಲಿ ‘ಎಲ್ಲ ಸದಸ್ಯರೂ ವಯಸ್ಕರು’ ಎಂಬುದು ನಿಜವೇ ಆಗುತ್ತದೆ, ಆದ್ದರಿಂದ ಆ ಷರತ್ತಿನೊಡನೆ ‘ಕನಿಷ್ಠ ಒಂದು ಸಾಲಿದೆ’ ಎಂಬುದನ್ನೂ ಸೇರಿಸಿ.

ಇಷ್ಟೆಲ್ಲ ಆದಮೇಲೆ ತೆರೆಯ ವಿಷಯ. ಹೊಸದಾಗಿ ತೆರೆದುಕೊಳ್ಳುವ ಪ್ರಶ್ನೆ ಅದಕ್ಕೆ ಕಾರಣವಾದ ಪ್ರಶ್ನೆಯ ಕೆಳಗೇ, ಓದುವ ಮತ್ತು ಟ್ಯಾಬ್ ಒತ್ತುವ ಕ್ರಮದಲ್ಲಿ ಮುಂದಿನದಾಗಿಯೇ ಬರಲಿ. ತೆರೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಬೇರೆ ಘೋಷಣೆಯಿಲ್ಲದೆಯೂ ಅದು ಸಿಗುತ್ತದೆ. ಫೋಕಸನ್ನು ಮಾತ್ರ ನೀವಾಗಿ ಎಳೆದೊಯ್ಯಬೇಡಿ. ಮುನ್ಸೂಚನೆಯಿಲ್ಲದೆ, ಉತ್ತರ ಬದಲಿಸಿದ ಮಾತ್ರಕ್ಕೆ ಸಂದರ್ಭವೇ ಬದಲಾಗಬಾರದು ಎಂದು, ವೆಬ್ ಪುಟಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂಬ ಡಬ್ಲ್ಯೂಸಿಎಜಿ ಮಾರ್ಗಸೂಚಿಯ 3.2.2ನೆಯ ಮಾನದಂಡ ಹೇಳುತ್ತದೆ. ಸಂಖ್ಯೆ ಬರೆಯುವ ಪ್ರಶ್ನೆಗಳಲ್ಲಿ ಪ್ರತಿ ಅಕ್ಷರಕ್ಕೂ ಷರತ್ತನ್ನು ಲೆಕ್ಕ ಹಾಕಿದರೆ, 18 ಎಂದು ಬರೆಯಲು 1 ಒತ್ತಿದವರನ್ನು ಒಂದು ವರ್ಷದ ಮಗುವೆಂದು ತಿಳಿದು ಪೋಷಕರ ವಿವರ ಕೇಳುವ ಪ್ರಶ್ನೆಗಳು ಮಿಂಚಿ ಮರೆಯಾಗುತ್ತವೆ. ಆ ಪೆಟ್ಟಿಗೆಯಿಂದ ಹೊರಬಂದ ಮೇಲೆ ಲೆಕ್ಕ ಹಾಕಿ. ನಾಲ್ಕೈದು ಪ್ರಶ್ನೆಗಳು ಒಟ್ಟಿಗೆ ತೆರೆದುಕೊಳ್ಳುವಂತಿದ್ದರೆ ಅವುಗಳನ್ನು ಮುಂದಿನ ಪುಟಕ್ಕೆ ಕಳುಹಿಸುವುದೇ ಮೇಲು.

ಕೊನೆಯದಾಗಿ, ಈಗಿರುವ ಫಾರ್ಮ್‌ಗಳನ್ನು ಹೊಸ ರೂಪಕ್ಕೆ ತರುವ ಕೆಲಸ. ಹಳೆಯ ನಿಯಮಗಳನ್ನು ಪರಿಣಾಮಕ್ಕೊಳಗಾಗುವ ಪ್ರಶ್ನೆಯ ಪ್ರಕಾರ ಗುಂಪು ಮಾಡಿ. ಒಂದು ಪ್ರಶ್ನೆಗೆ ‘ತೋರಿಸು’ ನಿಯಮಗಳು ಮಾತ್ರ ಇದ್ದರೆ ಅವುಗಳನ್ನು ‘ಯಾವುದಾದರೂ ಒಂದು’ ಎಂದು ಜೋಡಿಸಿದರೆ ಸಾಕು. ‘ಮರೆಮಾಡು’ ನಿಯಮಗಳಲ್ಲಿ ಎಚ್ಚರ ಬೇಕು: ಹಳೆಯ ವ್ಯವಸ್ಥೆಯಲ್ಲಿ ಉತ್ತರ ಖಾಲಿಯಿರುವಾಗ ಪ್ರಶ್ನೆ ಕಾಣುತ್ತಿತ್ತು, ಹೊಸದರಲ್ಲಿ ‘ಅಲ್ಲ’ ಎಂಬ ಹೋಲಿಕೆ ಖಾಲಿಗೆ ಸುಳ್ಳಾಗುತ್ತದೆ, ಆದ್ದರಿಂದ ‘ಉತ್ತರಿಸಿಲ್ಲ, ಅಥವಾ ಉತ್ತರ ಇದಲ್ಲ’ ಎಂದು ಎರಡನ್ನೂ ಬರೆಯಬೇಕು. ಎರಡೂ ಬಗೆಯ ನಿಯಮಗಳಿರುವ ಪ್ರಶ್ನೆಗಳನ್ನು ಯಾಂತ್ರಿಕವಾಗಿ ಪರಿವರ್ತಿಸಬೇಡಿ, ಪಟ್ಟಿ ಮಾಡಿ ಗ್ರಾಹಕರ ಮುಂದಿಡಿ. ಪರೀಕ್ಷೆಗಾಗಿ ಎಲ್ಲ ಸಾಧ್ಯತೆಗಳನ್ನೂ ಓಡಿಸಲು ಹೋಗಬೇಡಿ, ಹೌದು-ಇಲ್ಲ ಎಂಬ ಹತ್ತು ಪ್ರಶ್ನೆಗಳಿಗೇ 1024 ಜೋಡಣೆಗಳಾಗುತ್ತವೆ. ನಿಮ್ಮಲ್ಲಿ ಅದಕ್ಕಿಂತ ಒಳ್ಳೆಯ ಸಾಮಗ್ರಿಯಿದೆ: ಈವರೆಗೆ ಬಂದಿರುವ ಅರ್ಜಿಗಳು. ಅವುಗಳನ್ನು ಹಳೆಯ ಎಂಜಿನ್ನಿನಲ್ಲೂ ಹೊಸದರಲ್ಲೂ ಓಡಿಸಿ, ಅನ್ವಯಿಸುವ ಪ್ರಶ್ನೆಗಳ ಎರಡು ಪಟ್ಟಿಗಳನ್ನು ಹೋಲಿಸಿ. ವ್ಯತ್ಯಾಸ ಕಂಡಲ್ಲೆಲ್ಲ ಹೊಸ ಎಂಜಿನ್ ತಪ್ಪಿದೆ ಎಂದು ಮೊದಲೇ ತೀರ್ಮಾನಿಸಬೇಡಿ, ಚಾರ್ಜಿಂಗ್ ಪ್ರಶ್ನೆಯಂತಹ ಹಳೆಯ ದೋಷಗಳು ಆ ವ್ಯತ್ಯಾಸಗಳಲ್ಲೇ ಮೊದಲು ಸಿಕ್ಕಿಬೀಳುತ್ತವೆ.